ಗೋಡೆಯ ಮೇಲೂ ನಾನೇ, ಕುರ್ಚಿಯ ಮೇಲೂ ನಾನೇ

ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅವೇ ಕೆಮ್ಮಿಕೊಂಡು, ಸೀನಿಕೊಂಡು ಕೌಂಟರಿನ ಹತ್ತಿರ ಬರುತ್ತವೆ. ಅಂಗಡಿಯವರು ಕಾನೂನನ್ನು ಚಾಚೂ ತಪ್ಪದೆ ಪಾಲಿಸುತ್ತೇವೆಂದು ಹಟ ಹಿಡಿದುಬಿಟ್ಟರಂತೂ ದಿನಕ್ಕೊಂದಾದರೂ ಖಾತ್ರಿ.

ನಾನು ಹಾವೇರಿ ಕಡೆಯವಳು. ಡಿ.ಫಾರ್ಮಾ ಮುಗಿಸಿ ಸುಂಕದಕಟ್ಟೆಯ ಅಕ್ಕನ ಮನೆಗೆ ಬಂದಿಳಿದಾಗ ಕ್ಯಾಮೆರಾ ಇರುವ ಮೊಬೈಲು ಇನ್ನೂ ಕಂಡವರ ಕೈಗೆಲ್ಲ ಬಂದಿರಲಿಲ್ಲ. ವಿಜಯನಗರದ ಒಂದು ಅಡ್ಡರಸ್ತೆಯ ಮೆಡಿಕಲ್ಸಿನಲ್ಲಿ ಕೆಲಸ ಸಿಕ್ಕಿತು. ಯಜಮಾನರು ದಾವಣಗೆರೆ ಕಡೆಯವರು. ಅರವತ್ತು ದಾಟಿದ್ದರು, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಮೂವತ್ತು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತವರು. ಯಾವ ಡಾಕ್ಟರ ಕಾಗೆ ಕಾಲಿನ ಬರಹವನ್ನಾದರೂ ಮಾರುದೂರದಿಂದ ಓದುತ್ತಿದ್ದರು. ಮಾತ್ರೆಯ ಹೆಸರು ಹೇಳುವುದರೊಳಗೆ ಅವರ ಕೈ ಡ್ರಾಯರಿನಲ್ಲಿರುತ್ತಿತ್ತು. ಅವರ ಹತ್ತಿರ ಇಲ್ಲದಿದ್ದದ್ದು ಒಂದೇ, ಡಿಪ್ಲೊಮಾ.

ಕಾನೂನು ಸರಳವಾಗಿದೆ. ಓದಿ ಪಾಸಾದ ನಮ್ಮಂಥವರ ಹೆಸರನ್ನು ರಾಜ್ಯದ ಫಾರ್ಮಸಿ ಕೌನ್ಸಿಲ್ ತನ್ನ ರಿಜಿಸ್ಟರಿನಲ್ಲಿ ಬರೆದುಕೊಂಡು, ಫೋಟೋ ಅಂಟಿಸಿದ ಒಂದು ಸರ್ಟಿಫಿಕೇಟ್ ಕೊಡುತ್ತದೆ. ಆ ಸರ್ಟಿಫಿಕೇಟ್ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗಾಡಬೇಕು, ಅದರಲ್ಲಿರುವ ಮನುಷ್ಯ ಅಂಗಡಿಯಲ್ಲಿ ಖುದ್ದು ಇರಬೇಕು. ಇವೆರಡೂ ಇವೆಯೇ ಎಂದು ನೋಡಲು ಡ್ರಗ್ ಇನ್ಸ್‌ಪೆಕ್ಟರು ಬರುತ್ತಾರೆ. ಆಗ ಎಷ್ಟೋ ಅಂಗಡಿಗಳಲ್ಲಿ ಮೊದಲನೆಯದು ಇರುತ್ತಿತ್ತು, ಎರಡನೆಯದು ಇರುತ್ತಿರಲಿಲ್ಲ. ನಮ್ಮ ಯಜಮಾನರ ಗೋಡೆಯ ಮೇಲೂ ಯಾರೋ ಒಬ್ಬ ಪುಣ್ಯಾತ್ಮರು ವರ್ಷಗಟ್ಟಲೆ ತೂಗಾಡಿಕೊಂಡಿದ್ದರು. ಮನುಷ್ಯ ಮಾತ್ರ ತುಮಕೂರಿನ ಆಚೆ ಎಲ್ಲೋ ಬೇರೆ ಕೆಲಸದಲ್ಲಿದ್ದ.

ಒಂದು ದಿನ ಇನ್ಸ್‌ಪೆಕ್ಟರು ಬಂದು "ಫಾರ್ಮಸಿಸ್ಟ್ ಎಲ್ರೀ?" ಎಂದಾಗ ಯಜಮಾನರು ಸುಳ್ಳು ಹೇಳಲು ಬಾರದೆ ಗೋಡೆ ತೋರಿಸಿದರಂತೆ. ನೋಟಿಸ್ ಬಂತು. ಇನ್ನೊಮ್ಮೆ ಬರುತ್ತೇನೆ, ಯಾವಾಗ ಎಂದು ಹೇಳುವುದಿಲ್ಲ, ಆಗಲೂ ಮನುಷ್ಯ ಇರದಿದ್ದರೆ ಲೈಸೆನ್ಸ್ ಅಮಾನತು ಎಂದು ಇನ್ಸ್‌ಪೆಕ್ಟರು ಹೇಳಿಹೋದರು. ಯಜಮಾನರಿಗೆ ಆ ಅಂಗಡಿ ಬಿಟ್ಟರೆ ಬೇರೆ ಬದುಕಿರಲಿಲ್ಲ. ಹಾಗಾಗಿ ನನ್ನನ್ನು ಕರೆಸಿದರು.

ಎರಡು ಜಡೆ

ಸಂದರ್ಶನಕ್ಕೆಂದು ನಾನು ಮೂರು ದಿನ ಪುಸ್ತಕ ತಿರುವಿ ಹಾಕಿದ್ದೆ. ಯಾವ ಮಾತ್ರೆ ಯಾವುದರ ಜೊತೆ ಸೇರಬಾರದು, ಯಾವುದನ್ನು ಫ್ರಿಜ್ಜಿನಲ್ಲಿ ಇಡಬೇಕು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಯಜಮಾನರು ಒಂದನ್ನೂ ಕೇಳಲಿಲ್ಲ. ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು.

"ಇದ್ರಾಗೆ ಎರಡು ಜಡೆ ಐತಲ್ಲ ತಂಗಿ?"

"ಆಗ ಎರಡು ಹಾಕ್ತಿದ್ದೆ ಸಾರ್. ಈಗ ಒಂದೇ."

"ನಾಳೆಯಿಂದ ಎರಡೇ ಹಾಕ್ಕೊಂಡು ಬಾ. ಇನ್ಸ್‌ಪೆಕ್ಟ್ರಿಗೆ ಅನುಮಾನ ಬರಬಾರದು."

ಕೆಲಸ ಬೇಕಿತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಎರಡು ಜಡೆ ಹಾಕಿಕೊಂಡು ಮಾಗಡಿ ರಸ್ತೆಯ ಬಸ್ಸು ಹತ್ತಿದೆ. ಟಿಕೆಟ್ ಕೊಡುತ್ತಾ ಕಂಡಕ್ಟರು "ಸ್ಕೂಲ್ ಪಾಸ್ ಇಲ್ವೇನಮ್ಮಾ?" ಎಂದು ಕೇಳಿದ.

ಅಂಗಡಿಯಲ್ಲಿ ನನಗೆ ಒಂದು ಕುರ್ಚಿ ಹಾಕಿದ್ದರು, ಸರಿಯಾಗಿ ಸರ್ಟಿಫಿಕೇಟಿನ ಕೆಳಗೆ. ಮೇಲೆ ಫೋಟೋ, ಕೆಳಗೆ ನಾನು. ಇನ್ಸ್‌ಪೆಕ್ಟರು ಬಂದರೆ ಕತ್ತು ಹೊರಳಿಸುವ ಕಷ್ಟವೂ ಬೇಡ, ಒಂದೇ ನೋಟದಲ್ಲಿ ಎರಡೂ ಕಾಣಬೇಕು ಎನ್ನುವುದು ಅವರ ಲೆಕ್ಕಾಚಾರ. ನಾನು ಮಾತ್ರೆ ತೆಗೆಯಲು ಎದ್ದರೆ "ನೀ ಕೂತ್ಕೋ ತಂಗಿ, ನಾ ತಗೀತೀನಿ" ಎನ್ನುವರು. ಗಿರಾಕಿ ಏನಾದರೂ ಕೇಳಿದರೆ ನನಗಿಂತ ಮೊದಲು ಅವರೇ ಉತ್ತರ ಕೊಡುವರು. ಎರಡು ವರ್ಷ ಓದಿದ್ದು ಕೂರುವುದಕ್ಕೋ ಎಂದು ನನಗೆ ಅಳು ಬರುತ್ತಿತ್ತು. ಆದರೆ ಅವರು ನನ್ನನ್ನು ಗಾಜಿನ ಸಾಮಾನಿನ ಹಾಗೆ ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಅವರ ಮನೆಯಿಂದಲೇ ರೊಟ್ಟಿ, ಚಟ್ನಿಪುಡಿ ಬರುತ್ತಿತ್ತು. ಸಿಟ್ಟು ಮಾಡಿಕೊಳ್ಳುವುದು ಹೇಗೆ?

ತೊಂದರೆ ಬಂದದ್ದು ನಾನು ಬಚ್ಚಲಿಗೆ ಹೋಗಬೇಕಾದಾಗ. ಅದು ಅಂಗಡಿಯ ಹಿಂದಿನ ಕಟ್ಟಡದಲ್ಲಿತ್ತು. ನಾನು ಎದ್ದರೆ ಅಂಗಡಿಯಲ್ಲಿ ಫಾರ್ಮಸಿಸ್ಟ್ ಇಲ್ಲ, ಫಾರ್ಮಸಿಸ್ಟ್ ಇಲ್ಲದಿದ್ದರೆ ಮಾರುವಂತಿಲ್ಲ. ಯಜಮಾನರು ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ "ಫಾರ್ಮಸಿಸ್ಟ್ ಹಿಂದೆ ಹೋಗಿದ್ದಾರೆ, ಬಂದ ಮೇಲೆ ಔಷಧಿ" ಎಂದು ಬರೆಸಿಟ್ಟುಕೊಂಡಿದ್ದರು. ನಾನು ಹೊಸ್ತಿಲು ದಾಟಿದ ಕೂಡಲೇ ಅದು ಕೌಂಟರಿನ ಮೇಲೆ ನಿಲ್ಲುತ್ತಿತ್ತು. ನಾನು ಹಿಂದಿರುಗುವಷ್ಟರಲ್ಲಿ ಏಳೆಂಟು ಜನ ಚೀಟಿ ಹಿಡಿದು ಕಾಯುತ್ತಿರುತ್ತಿದ್ದರು. ಅಂಗಡಿಯ ಮುಂದಿನ ಬೆಂಚಿನಲ್ಲಿ ದಿನಾ ಪೇಪರ್ ಓದುತ್ತಿದ್ದ ರಿಟೈರಾದ ಮೇಷ್ಟರೊಬ್ಬರು ನನ್ನನ್ನು ಕಂಡದ್ದೇ "ಬಂದ್ರು, ಬಂದ್ರು!" ಎಂದು ಸಾರುತ್ತಿದ್ದರು. ಎಲ್ಲರೂ ಸರಿದು ದಾರಿ ಬಿಡುತ್ತಿದ್ದರು. ಬಚ್ಚಲಿಗೆ ಹೋಗಿ ಬಂದದ್ದಕ್ಕೆ ಅಷ್ಟು ದೊಡ್ಡ ಸ್ವಾಗತ ಮಂತ್ರಿಗಳಿಗೂ ಸಿಕ್ಕಿರಲಾರದು.

ಬಿಳಿ ಕೋಟು

ಫಾರ್ಮಸಿಸ್ಟ್ ಬಿಳಿ ಕೋಟು ಹಾಕಿಕೊಳ್ಳಬೇಕು ಎಂದು ಯಾರೋ ಯಜಮಾನರ ಕಿವಿಗೆ ಹಾಕಿದರು. ಮಾರನೆಯ ದಿನವೇ ಕೋಟು ಬಂತು. ಅಳತೆ ಕೇಳಿರಲಿಲ್ಲ. ತೋಳು ಬೆರಳು ದಾಟುತ್ತಿತ್ತು, ಕೆಳಗೆ ಮೊಣಕಾಲು ದಾಟಿ ಇನ್ನೂ ಒಂದು ಗೇಣು ಇಳಿದಿತ್ತು. "ಬೆಳೆಯೋ ಹುಡುಗಿ" ಎಂದರು ಯಜಮಾನರು.

ಕೋಟು ಹಾಕಿ ಕೂತ ಮೊದಲನೆಯ ದಿನ ಒಬ್ಬ ಅಜ್ಜಿ ಬಂದರು. ಗಾರೆ ಕೆಲಸಕ್ಕೆ ಬಂದ ಮಗ ಬಾಗಲಕೋಟೆಯಿಂದ ಕರೆತಂದಿದ್ದನಂತೆ. ಯಜಮಾನರ ಕಡೆ ತಿರುಗಿಯೂ ನೋಡದೆ ನೇರವಾಗಿ ನನ್ನ ಮುಂದೆ ಬಂದು ನಿಂತು, ಇಷ್ಟುದ್ದ ನಾಲಿಗೆ ಚಾಚಿದರು.

"ಅಜ್ಜಿ, ನಾನು ಡಾಕ್ಟರ್ ಅಲ್ರೀ."

ನಾಲಿಗೆ ಒಳಗೆ ಹೋಗಲಿಲ್ಲ. ಬದಲಿಗೆ ಕೈಯನ್ನೂ ಮುಂದೆ ಚಾಚಿದರು, ನಾಡಿ ನೋಡಲಿಕ್ಕೆ.

"ಅಜ್ಜಿ, ನಾನು ಮಾತ್ರೆ ಕೊಡಾಕಿ. ಡಾಕ್ಟರ್ ಬರೆದು ಕೊಟ್ರ ನಾ ಕೊಡ್ತೀನಿ. ನಾನಾ ಬರಿಯಾಕ ಬರಂಗಿಲ್ಲ."

ನಮ್ಮ ಕಡೆಯ ಮಾತು ಕೇಳಿದ್ದೇ ಅಜ್ಜಿಯ ಮುಖ ಅರಳಿತು. ನಾಲಿಗೆ ಒಳಗೆಳೆದುಕೊಂಡು ಅಲ್ಲೇ ಬೆಂಚಿನಲ್ಲಿ ಕೂತು, ಮಂಡಿನೋವಿನಿಂದ ಹಿಡಿದು ಸೊಸೆಯವರೆಗೆ ಎಲ್ಲ ಹೇಳಿಕೊಂಡರು. ನಾನು ಕೇಳಿಸಿಕೊಂಡೆ. ಊರು ಬಿಟ್ಟು ಬಂದವರಿಗೆ ಅರ್ಧ ಕಾಯಿಲೆ ಮಾತಾಡಲು ಜನ ಇಲ್ಲದ್ದೇ, ಅದು ನನಗೂ ಗೊತ್ತಿತ್ತು. ಕೊನೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗುವ ದಾರಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಇಂಥ ಬಸ್ಸು ಹತ್ತಬೇಕು, ಇಂಥಲ್ಲಿ ಇಳಿಯಬೇಕು, ಎಡಕ್ಕೆ ತಿರುಗಬೇಕು, ಅಷ್ಟೇ.

ಒಂದು ವಾರ ಬಿಟ್ಟು ಅಜ್ಜಿಯ ಜೊತೆ ನಾಲ್ಕು ಹೆಂಗಸರು ಬಂದರು. ನಾಲ್ವರೂ ಸಾಲಾಗಿ ನಿಂತು ನಾಲಿಗೆ ಚಾಚಿದರು. ಅಜ್ಜಿ ನನ್ನನ್ನು ತೋರಿಸಿ ಅವರಿಗೆ ಹೇಳುತ್ತಿದ್ದರು, "ಭಾಳ ಶ್ಯಾಣ್ಯಾ ಡಾಕ್ಟ್ರು. ಒಂದಾ ಚೀಟಿ ಬರದ್ಲು ನೋಡ್ರಿ, ಮಾತ್ರಿ ಇಲ್ದ ಆರಾಮಾತು."

ಲ್ಯಾಮಿನೇಷನ್

ನಮ್ಮ ಹಿಂದಿನ ಬೀದಿಯಲ್ಲಿ ಒಂಬತ್ತು ಮನೆಗಳ ವಠಾರವಿತ್ತು. ಅಲ್ಲಿನ ಆಂಟಿಯೊಬ್ಬರು ಒಂದು ದಿನ ಬಂದು ಕೌಂಟರಿನ ಮೇಲೆ ಏನನ್ನೋ ಟಪ್ ಎಂದು ಇಟ್ಟರು. ನೋಡಿದರೆ ಡಾಕ್ಟರ ಚೀಟಿ, ಅಚ್ಚುಕಟ್ಟಾಗಿ ಲ್ಯಾಮಿನೇಷನ್ ಮಾಡಿಸಿದ್ದು.

ಚೀಟಿ ಇಲ್ಲದೆ ಕೊಡಬಾರದ ಮಾತ್ರೆಗಳು ಕೆಲವಿವೆ. ಕೊಟ್ಟ ಮೇಲೆ ಚೀಟಿಯ ಮೇಲೆ ನಮ್ಮ ಸೀಲು ಒತ್ತಬೇಕು, ಅದೇ ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳಬಾರದು ಅಂತ. ಸೀಲು ಒತ್ತುವುದೊಂದನ್ನು ಯಜಮಾನರು ನನಗೆ ಬಿಟ್ಟುಕೊಟ್ಟಿದ್ದರು. ನಾನು ಉತ್ಸಾಹದಿಂದ ಸೀಲು ಎತ್ತಿ ಪ್ಲಾಸ್ಟಿಕ್ಕಿನ ಮೇಲೆ ಒತ್ತಿದೆ. ಶಾಯಿ ನಿಲ್ಲಲಿಲ್ಲ. ಆಂಟಿ ಸೆರಗಿನಿಂದ ಒಮ್ಮೆ ಒರೆಸಿದರು, ಚೀಟಿ ಮತ್ತೆ ಲಕಲಕ ಅಂತು.

"ಅದಕ್ಕೇ ಮಾಡ್ಸಿದ್ದು ಕಣಮ್ಮ. ಎಲ್ರೂ ಸೀಲ್ ಹೊಡ್ದು ಹೊಡ್ದು ಹಾಳ್ ಮಾಡ್ತಾರೆ."

ಚೀಟಿಯಲ್ಲಿದ್ದ ಹೆಸರು ಗಂಡಸಿನದು, ವಯಸ್ಸು ಐವತ್ತೆಂಟು, ತಾರೀಖು ಎರಡು ವರ್ಷ ಹಿಂದಿನದು. "ಇದು ಯಾರದ್ದು ಆಂಟಿ?"

"ಮೂರನೇ ಮನೆ ಅಂಕಲ್‌ದು. ಸೊಂಟ ನೋವಿಗೆ ಅಂತ ದೊಡ್ಡ ಡಾಕ್ಟ್ರು ಬರ್ದಿದ್ದು. ಒಳ್ಳೇ ಕೈಗುಣ. ನಮ್ ವಠಾರದಲ್ಲಿ ಒಂಬತ್ತು ಮನೆಗೂ ಇದೇ. ಹಾಲಿನ ಪಾತ್ರೆ ಮೇಲೆ ಇಟ್ಟಿರ್ತೀವಿ, ಬೇಕಾದವ್ರು ತಗೊಂಡ್ ಹೋಗ್ತಾರೆ."

ಯಜಮಾನರ ಕೈ ಆಗಲೇ ಡ್ರಾಯರಿನಲ್ಲಿತ್ತು. ಆಂಟಿ ಹಳೆಯ ಗಿರಾಕಿ, ಚೀಟಿಯೂ ಅವರಿಗೆ ಚೆನ್ನಾಗಿ ಗುರುತಿತ್ತು. ನಾನು ಕೇಳಿದೆ, "ಈಗ ಯಾರಿಗೆ ಆಂಟಿ ನೋವು?"

"ನಮ್ ಸೊಸೇಗೆ. ಏಳು ತಿಂಗಳು ಈಗ. ಸೊಂಟ ಹಿಡ್ಕೊಂಡಿದೆ ಅಂತಾಳೆ."

ನಾನು ಕುರ್ಚಿಯಿಂದ ಎದ್ದೆ. ಯಜಮಾನರು "ಕೂತ್ಕೋ ತಂಗಿ" ಎಂದರು. ನಾನು ಕೂರಲಿಲ್ಲ. ಅವರ ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ತೆಗೆದುಕೊಂಡು ಡ್ರಾಯರಿಗೆ ವಾಪಸು ಹಾಕಿದೆ. "ಇದು ಬಸುರಿಯರಿಗೆ ಕೊಡೋ ಮಾತ್ರೆ ಅಲ್ಲ ಸಾರ್. ಅದೂ ಇಷ್ಟು ತಿಂಗಳಾದ ಮೇಲೆ ಕೊಡಲೇಬಾರದು, ಮಗೂಗೆ ತೊಂದರೆ. ಆಂಟಿ, ಸೊಸೇನ ಈಗಲೇ ಅವರ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ."

ಆಂಟಿ ಬೆದರಿ ಹೊರಟೇಹೋದರು. ಯಜಮಾನರು ಡ್ರಾಯರು ಮುಚ್ಚಿದರು. ನನ್ನ ಕೆಲಸ ಹೋಯಿತೆಂದೇ ನಾನು ಅಂದುಕೊಂಡೆ. ಸಂಜೆ ಅವರೇ ಕುರ್ಚಿಯನ್ನು ಗೋಡೆಯ ಹತ್ತಿರದಿಂದ ಎಳೆದು ಕೌಂಟರಿನ ಪಕ್ಕ ಹಾಕಿದರು. "ಮೂವತ್ತು ವರ್ಷ ಯಾವ ಮಾತ್ರೆ ಅಂತ ನೋಡಿ ಕೊಟ್ಟೆ ತಂಗಿ, ಯಾರಿಗೆ ಅಂತ ಕೇಳಿದ್ದು ಕಡಿಮೆ. ಇನ್ನು ಚೀಟಿ ನೀನೇ ನೋಡು" ಎಂದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆವತ್ತೇ. ಆ ವಯಸ್ಸಿನಲ್ಲಿ ಹಾಗೆ ಹೇಳುವುದು ಸುಲಭವಲ್ಲ.

ವಾರದ ನಂತರ ಆಂಟಿ ನಗುನಗುತ್ತಾ ಬಂದರು. ಸೊಸೆಗೆ ಗುಣವಾಗಿತ್ತು. ಡಾಕ್ಟರು ಬರೆದುಕೊಟ್ಟ ಹೊಸ ಚೀಟಿ ಕೈಯಲ್ಲಿತ್ತು. ನಾನು ಮಾತ್ರೆ ಕೊಟ್ಟು ಸೀಲು ಎತ್ತಿದ್ದೇ ತಡ, ಆಂಟಿ ಚೀಟಿಯನ್ನು ಎದೆಗವಚಿಕೊಂಡು ಹಿಂದೆ ಸರಿದರು.

"ಒಂದ್ ನಿಮ್ಷ ಇರಮ್ಮ. ಇನ್ನೂ ಇಬ್ರು ಬಸುರಿಯರಿದಾರೆ ವಠಾರದಲ್ಲಿ. ಮೊದ್ಲು ಲ್ಯಾಮಿನೇಷನ್ ಮಾಡಿಸ್ಕೊಂಡ್ ಬಂದ್ಬಿಡ್ತೀನಿ."

ಕೌನ್ಸಿಲಿನ ಸಾಲು

ರಿಜಿಸ್ಟರಿನಲ್ಲಿ ಒಮ್ಮೆ ಹೆಸರು ಬರೆಸಿದರೆ ಸಾಯುವ ತನಕ ನಡೆಯುತ್ತದೆ ಎಂದೇನಿಲ್ಲ. ಆಗಾಗ ನವೀಕರಿಸಬೇಕು, ಇಲ್ಲದಿದ್ದರೆ ಹೆಸರು ತೆಗೆದುಹಾಕುತ್ತಾರೆ. ನನ್ನ ಅವಧಿ ಮುಗಿಯುವುದರಲ್ಲಿತ್ತು. ಮೂಲ ಸರ್ಟಿಫಿಕೇಟ್ ಹಿಡಿದು ನಾನೇ ಕೌನ್ಸಿಲಿಗೆ ಹೋಗಬೇಕಿತ್ತು.

ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ಫಾರ್ಮಸಿಸ್ಟ್ ಎಂದು ಸಾಬೀತು ಮಾಡಲು ನಾನು ಹೋಗಬೇಕು. ನಾನು ಹೋದರೆ ಅಂಗಡಿಯಲ್ಲಿ ಫಾರ್ಮಸಿಸ್ಟ್ ಇಲ್ಲ. ಗೋಡೆಯ ಮೇಲೆ ಸರ್ಟಿಫಿಕೇಟೂ ಇಲ್ಲ. ಅದೇ ಹೊತ್ತಿಗೆ ಇನ್ಸ್‌ಪೆಕ್ಟರು ಬಂದರೆ?

"ಬೀಗ ಹಾಕೋಣ" ಎಂದರು ಕೊನೆಗೆ.

ಹಬ್ಬಕ್ಕೂ ಅರ್ಧ ದಿನ ಮಾತ್ರ ಮುಚ್ಚುತ್ತಿದ್ದ ಅಂಗಡಿ ಅಂದು ಬೆಳಿಗ್ಗೆ ತೆರೆಯಲೇ ಇಲ್ಲ. ಸರ್ಟಿಫಿಕೇಟನ್ನು ಕಟ್ಟಿನಿಂದ ಬಿಚ್ಚಿದರೆ ಹರಿದೀತು ಎಂದು ಯಜಮಾನರು ಗಾಜು, ಮರದ ಕಟ್ಟು ಸಮೇತ ಗೋಡೆಯಿಂದ ಇಳಿಸಿ, ಹಳೆಯ ದುಪ್ಪಟಿಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡರು. ಗುಂಡಿ ಬಂದಾಗಲೆಲ್ಲ "ನಿಧಾನಕ್ಕಪ್ಪಾ" ಎನ್ನುತ್ತಿದ್ದರು. ಆಟೋದವರು ಕನ್ನಡಿಯಲ್ಲಿ ಎರಡು ಸಲ ನೋಡಿ, "ಆಸ್ಪತ್ರೆಗಾ ಸಾರ್?" ಎಂದು ಕೇಳಿದರು.

ಕೌನ್ಸಿಲಿನಲ್ಲಿ ಉದ್ದದ ಸಾಲಿತ್ತು. ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ, ಎಲ್ಲ ಕಡೆಯ ಫಾರ್ಮಸಿಸ್ಟರೂ ಅಲ್ಲಿದ್ದರು. ನಮ್ಮ ಸರದಿ ಬಂದಾಗ ಯಜಮಾನರು ದುಪ್ಪಟಿ ಬಿಚ್ಚಿ ಕಟ್ಟನ್ನು ಕಿಟಕಿಯೊಳಗೆ ತೂರಿಸಲು ನೋಡಿದರು. ಅದು ತೂರಲಿಲ್ಲ. ಒಳಗಿದ್ದ ಹಿರಿಯ ಗುಮಾಸ್ತರು ಒಳ್ಳೆಯವರು, ನಗು ತಡೆದುಕೊಂಡು "ಒಳಗಿರೋ ಹಾಳೆ ಸಾಕು ಯಜಮಾನ್ರೇ" ಎಂದರು. ಯಜಮಾನರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅಲ್ಲೇ ಕೂತು ಮೊಳೆ ಎಬ್ಬಿಸತೊಡಗಿದರು.

ಸಮಯ ಕಳೆಯಲಿ ಎಂದು ಗುಮಾಸ್ತರು ಮಾತಿಗೆ ಕೇಳಿದರು, "ಈಗ ನಿಮ್ಮ ಅಂಗಡೀಲಿ ಯಾರಿದ್ದಾರೆ?"

ಯಜಮಾನರು ಎದ್ದು ನಿಂತು, ಇಡೀ ಹಜಾರಕ್ಕೆ ಕೇಳುವಂತೆ ಬೀಗದ ಗೊಂಚಲು ಅಲ್ಲಾಡಿಸಿ ಹೇಳಿದರು, "ಯಾರೂ ಇಲ್ಲ ಸಾರ್! ಫಾರ್ಮಸಿಸ್ಟ್ ಇಲ್ಲಿದ್ದ ಮೇಲೆ ಅಂಗಡಿ ಹೆಂಗ್ ತೆಗೀತಾರೆ? ಬೀಗ ಹಾಕ್ಕೊಂಡು ಬಂದೀನಿ!"

"ಭೇಷ್" ಎಂದ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, ನಮ್ಮ ಹಿಂದಿದ್ದವರ ಕಡೆ ಕತ್ತು ಚಾಚಿ ಕೇಳಿದರು, "ನಿಮ್ಮಗಳ ಅಂಗಡಿ?"

ಒಬ್ಬರು ಬಗ್ಗಿ ಚಪ್ಪಲಿ ಸರಿಮಾಡಿಕೊಂಡರು. ಒಬ್ಬರು ಮೇಲಿನ ಫ್ಯಾನನ್ನು ಆಸಕ್ತಿಯಿಂದ ನೋಡತೊಡಗಿದರು. ಒಬ್ಬರು ಮೊಬೈಲ್ ಕಿವಿಗಿಟ್ಟುಕೊಂಡು "ಶಟರ್ ಎಳಿಯೋ, ಎಳಿಯೋ" ಎನ್ನುತ್ತಾ ಮೆಟ್ಟಿಲಿಳಿದು ಓಡಿದರು. ಯಜಮಾನರು ಕಡೆಯ ಮೊಳೆ ಕೀಳುವಷ್ಟರಲ್ಲಿ ಹದಿನೈದು ಜನರಿದ್ದ ಸಾಲಿನಲ್ಲಿ ನಾಲ್ವರು ಉಳಿದಿದ್ದರು.

ಹಾರ

ಆಯುಧಪೂಜೆ ಬಂತು. ಅಂಗಡಿಯ ಪೂಜೆಗೆ ಯಜಮಾನರ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುತ್ತಿದ್ದೆವು, ಖುದ್ದು ಬಂದರು. ಫ್ರಿಜ್ಜಿಗೆ, ಕ್ಯಾಲ್ಕುಲೇಟರಿಗೆ, ಬಿ.ಪಿ. ನೋಡುವ ಯಂತ್ರಕ್ಕೆ, ನನ್ನ ಸೀಲಿಗೆ ಎಲ್ಲಕ್ಕೂ ವಿಭೂತಿ, ಕುಂಕುಮ ಆಯಿತು. ಕೊನೆಗೆ ಅವರ ಕಣ್ಣು ಗೋಡೆಯ ಕಡೆ ಹೋಯಿತು.

"ಅಂಗಡಿ ನಿಂತಿರೋದೇ ಈ ಹುಡುಗಿ ಸರ್ಟಿಫಿಕೇಟ್ ಮೇಲೆ. ಎಲ್ಲಕ್ಕೂ ಹೂವು ಹಾಕಿ ಇದಕ್ಕೆ ಹಾಕದಿದ್ರೆ ಹೆಂಗೆ?" ಎಂದು ಒಂದು ದಪ್ಪ ಸೇವಂತಿಗೆ ಹಾರವನ್ನು ಸರ್ಟಿಫಿಕೇಟಿನ ಕಟ್ಟಿನ ಮೇಲೆ ಹಾಕಿಸಿದರು. ಗಾಜಿನ ಮೇಲೆ, ಸರಿಯಾಗಿ ನನ್ನ ಹಣೆ ಇದ್ದಲ್ಲಿ, ಕುಂಕುಮ ಇಟ್ಟರು. ಕೆಳಗೆ ಒಂದು ಪುಟ್ಟ ಹಲಗೆಯ ಮೇಲೆ ಊದುಬತ್ತಿ ಹಚ್ಚಿದರು. ಅವರ ಪ್ರೀತಿಗೆ ನಾನು ಕಾಲುಮುಟ್ಟಿ ನಮಸ್ಕರಿಸಿದೆ. ಆದರೆ ಕಪ್ಪು ಬಿಳುಪು ಫೋಟೋ, ಅದಕ್ಕೆ ಹಾರ, ಕೆಳಗೆ ಊದುಬತ್ತಿ! ಹಾಗೆ ನೋಡುವಾಗ ಒಳಗೊಳಗೇ ಒಂದು ಥರಾ ಆಯಿತು. ತೆಗೆಯೋಣವೇ ಎಂದರೆ ಅಮ್ಮನವರು ಹೂವು ತಾನಾಗಿ ಬಾಡುವವರೆಗೆ ಮುಟ್ಟಕೂಡದು ಎಂದರು. ಊದುಬತ್ತಿಯನ್ನೂ ದಿನಾ ಹಚ್ಚುವಂತೆ ಯಜಮಾನರಿಗೆ ಕಟ್ಟಪ್ಪಣೆ ಮಾಡಿಹೋದರು.

ಹಬ್ಬ ಮುಗಿದ ಎರಡನೆಯ ದಿನ ಬೆಳಿಗ್ಗೆ ನಾನು ಅಟ್ಟ ಹತ್ತಿದ್ದೆ. ಕೌಂಟರಿನ ಹಿಂದಿನ ಗೋಡೆಯ ಮೇಲ್ಭಾಗದಲ್ಲಿ, ಸರ್ಟಿಫಿಕೇಟಿಗೆ ಸ್ವಲ್ಪ ಮೇಲೆ, ಒಂದು ಮರದ ಅಟ್ಟವಿತ್ತು. ಅಲ್ಲಿದ್ದ ಹಳೆಯ ಪೆಟ್ಟಿಗೆಗಳಲ್ಲಿ ಅವಧಿ ಮೀರಿದ ಔಷಧಿ ಇದೆಯೇ ಎಂದು ನೋಡುತ್ತಿದ್ದೆ. ಮಕ್ಕಳ ಪೌಡರಿನ ಡಬ್ಬಿಯೊಂದರ ಮುಚ್ಚಳ ಸಡಿಲವಿತ್ತು. ಎತ್ತಿದ್ದೇ ತಡ, ಇಡೀ ಡಬ್ಬಿ ನನ್ನ ತಲೆಯ ಮೇಲೆ ಸುರಿಯಿತು. ಅದನ್ನು ಕೊಡವಿಕೊಳ್ಳುತ್ತಿರುವಾಗ ಕೆಳಗೆ ಮಾತು ಕೇಳಿಸಿತು. ಅಟ್ಟದ ಹಲಗೆಗಳ ಸಂದಿಯಿಂದ ಎಲ್ಲ ಕಾಣುತ್ತಿತ್ತು.

ಬೆಂಚಿನ ಮೇಷ್ಟರು ಹಬ್ಬಕ್ಕೆ ಊರಿಗೆ ಹೋದವರು ಆಗಷ್ಟೇ ಬಂದಿದ್ದರು. ಯಜಮಾನರು ಮೂಲೆಯಲ್ಲಿ ಯಾರಿಗೋ ಫೋನಿನಲ್ಲಿ ಆರ್ಡರ್ ಹೇಳುತ್ತಿದ್ದರು. ಮೇಷ್ಟರು ಖಾಲಿ ಕುರ್ಚಿ ನೋಡಿದರು, ಹಾರ ನೋಡಿದರು, ಊದುಬತ್ತಿ ನೋಡಿದರು. ಪೇಪರ್ ಮಡಿಸಿ, ಎದ್ದು ನಿಂತು, ಕೈಕಟ್ಟಿ ತಲೆ ತಗ್ಗಿಸಿದರು. ಹಬ್ಬದ ಪೂಜೆಗೆ ಭಕ್ತಿ ತೋರಿಸುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನಾದೆ.

ಆಗಲೇ ಇನ್ಸ್‌ಪೆಕ್ಟರು ಒಳಗೆ ಬಂದದ್ದು. ನೋಟಿಸ್ ಕೊಟ್ಟವರೇ. ನನ್ನನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಗೋಡೆಯ ಕಡೆ ನೋಡಿದರು, ಕಾಲು ಅಲ್ಲೇ ನಿಂತಿತು. ಮೇಷ್ಟರ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, "ಯಾವಾಗ?"

"ಹಬ್ಬದಲ್ಲೇ ಇರಬೇಕು ಸಾರ್. ನಾನು ಊರಲ್ಲಿರಲಿಲ್ಲ."

"ಇಷ್ಟು ಚಿಕ್ಕ ವಯಸ್ಸು! ಏನಾಗಿತ್ತು?"

ಮೇಷ್ಟರು ಕಣ್ಣೊರೆಸಿಕೊಂಡರು. "ಏನೋ ಸಾರ್. ಕೂತೇ ಇರ್ತಿತ್ತು ಪಾಪ. ಎದ್ದು ಓಡಾಡಿದ್ದೇ ಕಡಿಮೆ." ಯಾರ ಮಾತು ಎಂದು ಮೇಲಿದ್ದ ನನಗೆ ಹೊಳೆಯಲೇ ಇಲ್ಲ.

ಯಜಮಾನರು ಫೋನ್ ಇಟ್ಟು ತಿರುಗಿದರು. ಇನ್ಸ್‌ಪೆಕ್ಟರನ್ನು ಕಂಡು ಮುಖ ಬಿಳಿಚಿತು. ಆ ಬಿಳಿಚಿದ ಮುಖ ನೋಡಿ ಇನ್ಸ್‌ಪೆಕ್ಟರಿಗೆ ಇನ್ನಷ್ಟು ಮರುಕ ಬಂತು. ಹತ್ತಿರ ಹೋಗಿ ಭುಜದ ಮೇಲೆ ಕೈ ಇಟ್ಟರು.

"ಯಜಮಾನ್ರೇ, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಆದ್ರೆ ಕಾನೂನು ಅಂತ ಒಂದಿದೆ. ಫಾರ್ಮಸಿಸ್ಟ್ ಇಲ್ಲ ಅಂದ್ಮೇಲೆ ನೀವು ಅಂಗಡಿ ನಿಲ್ಲಿಸಬೇಕಾಗುತ್ತೆ."

ಆರು ತಿಂಗಳಿಂದ ಯಜಮಾನರು ಕನಸಿನಲ್ಲಿ ಕೇಳಿ ಬೆಚ್ಚಿಬೀಳುತ್ತಿದ್ದ ಮಾತು ಅದೇ. "ಇಲ್ಲ ಅಂತ ಯಾರ್ ಹೇಳಿದ್ದು ಸಾರ್? ಇದ್ದಾಳೆ! ಒಂದು ದಿನಾನೂ ತಪ್ಪಿಸಿಲ್ಲ! ಇಲ್ಲೇ ಇದ್ದಾಳೆ ಸಾರ್!"

"ಇರ್ತಾರೆ, ಇರ್ತಾರೆ" ಎಂದು ಇನ್ಸ್‌ಪೆಕ್ಟರು ಭುಜ ತಟ್ಟಿದರು. "ಅವರು ಎಲ್ಲೂ ಹೋಗಲ್ಲ. ಆದ್ರೆ ನೀವು ಧೈರ್ಯ ತಂದ್ಕೋಬೇಕು."

ಮೇಷ್ಟರು ಬಿಕ್ಕಿದರು. ಯಜಮಾನರಿಗೆ ದಿಕ್ಕೇ ತೋಚಲಿಲ್ಲ. ನಾನು ಅಟ್ಟದಲ್ಲಿದ್ದೇನೆ ಎಂದು ವಿವರಿಸುವಷ್ಟು ಮಾತೂ ಅವರ ಬಾಯಿಂದ ಹೊರಡಲಿಲ್ಲ. ಗೋಡೆಯ ಕಡೆ ಎರಡೂ ಕೈ ಎತ್ತಿ, ಹಾರ ಹಾಕಿದ ಫೋಟೋದ ಮುಂದೆ ನಿಂತು, ಅಳುವ ದನಿಯಲ್ಲಿ ಕೂಗಿದರು, "ತಂಗೀ! ಬಾರೇ ತಾಯೀ! ಬೇಗ ಬಾ!"

ನಾನು ಫೋಟೋದ ಮೇಲಿನಿಂದ ಹೇಳಿದೆ, "ಬಂದೇ ಸಾರ್!"

ಇನ್ಸ್‌ಪೆಕ್ಟರ ಕೈಯಿಂದ ಫೈಲು ಬಿತ್ತು. ಮೇಷ್ಟರು ಇಷ್ಟು ವರ್ಷ ಬೆಂಚಿನಲ್ಲಿ ಕೂತು ಉಳಿಸಿಕೊಂಡಿದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಒಂದೇ ನೆಗೆತಕ್ಕೆ ರಸ್ತೆಗೆ ಬಿದ್ದರು. ನಾನು ಗಾಬರಿಯಲ್ಲಿ ಏಣಿ ಇಳಿದೆ. ಮೊದಲು ಬರಿಗಾಲು, ಆಮೇಲೆ ಉದ್ದನೆಯ ಬಿಳಿ ಕೋಟು, ಕೊನೆಗೆ ಕೂದಲಿನಿಂದ ರೆಪ್ಪೆಯವರೆಗೆ ಪೌಡರ್ ಮೆತ್ತಿದ ಮುಖ. ಇಳಿದವಳೇ ಶಿಸ್ತಿನಿಂದ ಕೈಮುಗಿದು, "ನಮಸ್ಕಾರ ಸಾರ್, ನಾನೇ ಇಲ್ಲಿನ ಫಾರ್ಮಸಿಸ್ಟು" ಎಂದೆ. ಇನ್ಸ್‌ಪೆಕ್ಟರು ಮೇಷ್ಟರ ಬೆಂಚಿನ ಮೇಲೆ ಕೂತುಬಿಟ್ಟರು. ಅವರ ಬಿ.ಪಿ.ಯನ್ನು ನಾನೇ ನೋಡಿದೆ. ಸ್ವಲ್ಪ ಏರಿತ್ತು.

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಚೀಟಿಗಳ ರಿಜಿಸ್ಟರನ್ನು ಪುಟ ಪುಟ ತಿರುವಿ ನೋಡಿದರು. ಫ್ರಿಜ್ಜು ನೋಡಿದರು. ನನಗೆ ಹತ್ತು ಪ್ರಶ್ನೆ ಕೇಳಿದರು, ಹತ್ತಕ್ಕೂ ಉತ್ತರ ಕೊಟ್ಟೆ. ಒಂದೊಂದು ಉತ್ತರಕ್ಕೂ ಯಜಮಾನರ ಬೆನ್ನು ಒಂದೊಂದು ಅಂಗುಲ ನೆಟ್ಟಗಾಗುತ್ತಿತ್ತು. ನಂತರ ಇನ್ಸ್‌ಪೆಕ್ಟರು ಪೆನ್ನು ತೆಗೆದು, ಬರೆಯುತ್ತಾ ಗಟ್ಟಿಯಾಗಿ ಓದಿದರು: "ತಪಾಸಣೆಯ ಸಮಯದಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಅಂಗಡಿಯಲ್ಲಿ ಹಾಜರಿದ್ದರು. ಲೈಸೆನ್ಸ್ ಮುಂದುವರಿಸಬಹುದು."

ಯಜಮಾನರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಪೌಡರಿನ ಮೇಲೆ ಎರಡು ಗೆರೆ ಮೂಡಿದವು. ಇನ್ಸ್‌ಪೆಕ್ಟರು ಸಹಿ ಹಾಕಲು ಹೊರಟ ಹೊತ್ತಿಗೆ ಯಜಮಾನರು ರಸ್ತೆಯ ಕಡೆ ನೋಡಿದರು. ಎದುರುಬದಿಯ ಹೂವಿನ ಅಂಗಡಿಯ ಮುಂದೆ ಮೇಷ್ಟರು ಹತ್ತಾರು ಜನರನ್ನು ಸೇರಿಸಿಕೊಂಡು ನಮ್ಮ ಕಡೆ ಕೈ ತೋರಿಸುತ್ತಿದ್ದರು. ಯಜಮಾನರು ಕೈ ಮುಗಿದರು.

"ಸಾರ್, ಹಾಜರಿದ್ದರು ಅಂತ ಮಾತ್ರ ಬರೆದ್ರೆ ಸಾಲದು. ಅದರ ಮುಂಚೆ ಒಂದು ಪದ ಸೇರಿಸಿಬಿಡಿ, ನಿಮ್ಮ ಪಾದಕ್ಕೆ ಬೀಳ್ತೀನಿ."

ಇನ್ಸ್‌ಪೆಕ್ಟರು ರಸ್ತೆಯ ಕಡೆ ನೋಡಿದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ಇನ್ನೊಮ್ಮೆ ನೋಡಿ, ಖಚಿತ ಮಾಡಿಕೊಂಡು, ಸಾಲಿನ ಮಧ್ಯೆ ಬಾಣದ ಗುರುತು ಹಾಕಿ ಸೇರಿಸಿದರು: "ಜೀವಂತವಾಗಿ."